ನಾಗಮಣಿಯ ನಾಲಿಗೆ

ಗಂಡನ ಬಾಯನ್ನು ಡಾಕ್ಟರಿಗೆ ತೋರಿಸಬೇಕೆಂದು ನಾಗಮಣಿ ಹಟ ಹಿಡಿದು ವರ್ಷಗಳೇ ಆಗಿದ್ದವು. ಹರಿಹರ ತಮಿಳು ನಾಡಿನ ಪೆರಂಬೂರಿನ ರೈಲು ಕೋಚ್ ಫ್ಯಾಕ್ಟರಿಯಲ್ಲಿ ವೆಲ್ಡರ್ ಆಗಿ ದುಡಿದು ನಿವೃತ್ತನಾದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜೊತೆಯವರಿಂದ ಕಲಿತ ಹೊಗೆಸೊಪ್ಪು ಅವನ ಕೆನ್ನೆಯೊಳಗೆ ಕಾಯಂ ಆಗಿ ಮನೆ ಮಾಡಿತ್ತು. ನಾಗಮಣಿ ಅದೇ ಊರಿನ ಪ್ಯಾರೀಸ್ ಕಾರ್ನರ್ ಬಳಿಯ ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು. ಕ್ಲೈಮ್ ಕಾಗದಗಳಲ್ಲಿ ಬಾಯಿ ಕ್ಯಾನ್ಸರ್ ಎಂದು ಓದಿದ ದಿನ ಮನೆಯಲ್ಲಿ ಜಗಳ ಖಂಡಿತ. ಅವಳಾದರೂ ಮದುವೆಮನೆಯಲ್ಲೂ ಎಲೆ ಅಡಿಕೆ ಮುಟ್ಟಿದವಳಲ್ಲ.

ಅಂತೂ ಒಂದು ದಿನ ಹರಿಹರನ ಕೆನ್ನೆಯೊಳಗೆ ಬಿಳಿ ಮಚ್ಚೆ ಕಂಡು, ಅವಳು ಅವನನ್ನು ದರದರ ಎಳೆದುಕೊಂಡೇ ಬೀದಿ ಕೊನೆಯ ಹಲ್ಲಿನ ಕ್ಲಿನಿಕ್ಕಿಗೆ ಹೋದಳು. ಡಾಕ್ಟರ್ ಶ್ರೀವಿದ್ಯಾ ಧರ್ಮಪುರಿ ಕಡೆಯವರು, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಮಚ್ಚೆಯನ್ನು ಬಟ್ಟೆಯಿಂದ ಒರೆಸಿ ನೋಡಿದರು. ಹೋಗಲಿಲ್ಲ. "ಹೊಗೆಸೊಪ್ಪು ಇವತ್ತೇ ನಿಲ್ಲಿಸಬೇಕು ಸಾರ್. ಎರಡು ವಾರ ಬಿಟ್ಟು ಬನ್ನಿ, ಹೋಗದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ" ಎಂದರು.

ಹೊರಡುವಾಗ ನಾಗಮಣಿ ಸುಮ್ಮನೆ ಒಂದು ಮಾತು ಹೇಳಿದಳು. "ನನಗೂ ಒಂದು ಹಲ್ಲು ಮುರಿದು ನಾಲಿಗೆಗೆ ತರಚ್ತಾ ಇದೆ ಡಾಕ್ಟ್ರೇ. ಸ್ವಲ್ಪ ಉಜ್ಜಿ ಕೊಡ್ತೀರಾ?"

ಡಾಕ್ಟರು ಅವಳನ್ನು ಕೂರಿಸಿ, ನಾಲಿಗೆಯ ತುದಿಯನ್ನು ಹತ್ತಿಬಟ್ಟೆಯಲ್ಲಿ ಹಿಡಿದು ಹೊರಗೆಳೆದು, ಪಕ್ಕಕ್ಕೆ ಹೊರಳಿಸಿ ನೋಡಿದರು. ಅಂಚಿನಲ್ಲಿದ್ದ ಹುಣ್ಣನ್ನು ಬೆರಳಿನಲ್ಲಿ ಒತ್ತಿದರು. ಆಮೇಲೆ ಕುತ್ತಿಗೆಯನ್ನು ತಡವಿದರು.

"ನೋವಿದೆಯಾ?"

"ಏನೂ ಇಲ್ಲ."

"ನೋವಿದ್ದಿದ್ದರೆ ನನಗೆ ಸ್ವಲ್ಪ ಸಮಾಧಾನ ಆಗ್ತಿತ್ತು" ಎಂದರು ಡಾಕ್ಟರು.

ನೋವಿಲ್ಲದಿದ್ದರೆ ಒಳ್ಳೆಯದಲ್ಲವೇ? ನಾಗಮಣಿಗೆ ಅರ್ಥವಾಗಲಿಲ್ಲ. ಡಾಕ್ಟರು ಹಲ್ಲಿನ ಚೂಪು ಉಜ್ಜಿ ನುಣುಪು ಮಾಡಿ, ಹುಣ್ಣು ಹಲ್ಲಿನಿಂದ ಆಗಿದ್ದರೆ ಎರಡು ವಾರದಲ್ಲಿ ಮಾಯಬೇಕು ಎಂದು ಹೇಳಿ ಕಳಿಸಿದರು.

ಮಾಯಲಿಲ್ಲ. ಹರಿಹರ ಹೆದರಿ ಹೊಗೆಸೊಪ್ಪು ಬಿಟ್ಟಿದ್ದ, ಆದರೂ ಅವನ ಮಚ್ಚೆ ಅರ್ಧ ಉಳಿದಿತ್ತು. ಒಂದೇ ಬೆಳಿಗ್ಗೆ ಇಬ್ಬರ ಬಾಯಿಂದಲೂ ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಆ ವಾರವೆಲ್ಲ ನಾಗಮಣಿಗೆ ಗಂಡನದೇ ಚಿಂತೆ. ಕೀಲ್ಪಾಕಿನಲ್ಲಿದ್ದ ಮಗಳು ಊರ್ಮಿಳಾಳಿಗೆ ಫೋನು ಮಾಡಿ, "ನಿಮ್ಮಪ್ಪನಿಗೆ ಏನು ಕಾದಿದೆಯೋ ಕಣೇ" ಎಂದು ಅತ್ತಳು. ಕನ್ನಡ ಪೂರ್ತಿ ಅರ್ಥವಾದರೂ ತಮಿಳಿನಲ್ಲೇ ಉತ್ತರ ಕೊಡುವ ಹುಡುಗಿ, "ಪಯಪ್ಪಡಾದೆ ಮ್ಮಾ" ಎಂದು ಧೈರ್ಯ ಹೇಳಿದಳು.

ವರದಿ ಬಂದ ದಿನ ಮಗಳೂ ಜೊತೆಗೆ ಬಂದಿದ್ದಳು; ಡಾಕ್ಟರು ಮೂವರನ್ನೂ ಎದುರು ಕೂರಿಸಿಕೊಂಡರು. ಹರಿಹರನದು ಕ್ಯಾನ್ಸರ್ ಅಲ್ಲ, ಆದರೆ ಕಣ್ಣಿಡಬೇಕು. ನಾಗಮಣಿಯದು ಕ್ಯಾನ್ಸರ್. ಚಿಕ್ಕದು, ಶುರುವಿನದು.

ನಾಗಮಣಿ ಅಳಲಿಲ್ಲ. "ಚೀಟಿ ಅದಲುಬದಲಾಗಿದೆ ಡಾಕ್ಟ್ರೇ" ಎಂದಳು. "ಒಂದೇ ಮನೆಯವರು, ಒಂದೇ ದಿನ ಕೊಟ್ಟಿದ್ದು. ನಮ್ಮ ಆಫೀಸಿನಲ್ಲಿ ಇಂಥದ್ದು ಎಷ್ಟು ನೋಡಿದೀನಿ."

ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಲ್ಯಾಬಿನವರಿಗೆ ಹೇಳಿ ಎರಡನ್ನೂ ಇನ್ನೊಮ್ಮೆ ನೋಡಿಸಿದರು. ಅದಲುಬದಲಾಗಿರಲಿಲ್ಲ. ಒಂದು ನಾಲಿಗೆಯ ಚೂರು, ಒಂದು ಕೆನ್ನೆಯದು, ನೋಡಿದರೇ ಗೊತ್ತಾಗುತ್ತದಂತೆ. ಆ ಉತ್ತರಕ್ಕೆ ಕಾದ ದಿನಗಳಲ್ಲಿ ಮಾತ್ರ ನಾಗಮಣಿ ತೀರಾ ಗಲಿಬಿಲಿಗೊಂಡಿದ್ದಳು. ವರದಿ ತಪ್ಪಾಗಲಿ ಎಂದು ದೇವರಿಗೆ ಕೈಮುಗಿಯುವಳು. ತಪ್ಪಾದರೆ ಕಾಯಿಲೆ ಯಾರದಾಗುತ್ತದೆ ಎಂದು ಹೊಳೆದೊಡನೆ ಮುಗಿದ ಕೈ ಬಿಡುವಳು.

ದೊಡ್ಡ ಆಸ್ಪತ್ರೆಗೆ ಹೋದ ಮೇಲೆ ಇನ್ನೊಂದು ಕಾಟ ಶುರುವಾಯಿತು. ಚೀಟಿ ಬರೆಯುವವರು, ಸ್ಕ್ಯಾನ್ ಮಾಡುವವರು, ಎಲ್ಲರದೂ ಒಂದೇ ಪ್ರಶ್ನೆ: "ಪೊಗೆಯಿಲೆ ಪೋಡುವೀಂಗಳಾ ಮ್ಮಾ?" ಹೊಗೆಸೊಪ್ಪು ಹಾಕುತ್ತೀರಾ? ಇಲ್ಲ ಎಂದರೆ ನಂಬದ ನೋಟ. ಒಬ್ಬ ನರ್ಸಮ್ಮನಂತೂ ಹರಿಹರನನ್ನು ಹೊರಗೆ ಕಳಿಸಿ, ಗಂಡನಿಗೆ ತಿಳಿಯದ ಹಾಗೆ ಹಾಕಿಕೊಳ್ಳುತ್ತಿದ್ದರೂ ಪರವಾಗಿಲ್ಲ ಹೇಳಿ ಎಂದು ಕಿವಿಯಲ್ಲಿ ಕೇಳಿದಳು. ನಾಗಮಣಿಗೆ ನಗುವೂ ಬಂತು, ಕೋಪವೂ ಬಂತು. "ಹಾಕ್ಕೊಳ್ಳೋರು ಹೊರಗೆ ನಿಂತಿದಾರೆ. ಬಂದಿರೋದು ನನಗೆ" ಎಂದಳು.

ಹರಿಹರನ ಪಾಡು ಬೇರೆ. ಶ್ರೀವಿದ್ಯಾ ಅವರ ಕ್ಲಿನಿಕ್ಕಿಗೆ ಒಬ್ಬನೇ ಹೋಗಿ, "ನನ್ನ ಬಾಯಿಂದ ಅವಳಿಗೆ ಅಂಟಿತಾ?" ಎಂದು ಕೇಳಿದನಂತೆ. "ಇದು ಅಂಟೋ ಕಾಯಿಲೆ ಅಲ್ಲ ಸಾರ್. ಏನೂ ಹಾಕದವರಿಗೂ ಕೆಲವು ಸಲ ಬರುತ್ತೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ" ಎಂದರಂತೆ ಡಾಕ್ಟರು. ಮನೆಗೆ ಬಂದು ಅದನ್ನು ಹೆಂಡತಿಗೆ ಹೇಳುವಾಗ ಅವನ ಮುಖ ಪೆಚ್ಚಾಗಿತ್ತು. ತಪ್ಪು ತನ್ನದು ಎಂದು ಒಪ್ಪಿಕೊಳ್ಳಲು ಹೋದವನಿಗೆ ತಪ್ಪೇ ಸಿಕ್ಕಿರಲಿಲ್ಲ.

"ಹಾಗಾದ್ರೆ ನಾನು ಯಾರನ್ನ ಬಯ್ಯಲಿ?" ಎಂದಳು ನಾಗಮಣಿ.

"ನನ್ನನ್ನೇ ಬಯ್ಯಿ" ಎಂದ ಹರಿಹರ.

ಬಯ್ಯಲು ಬಾಯಿ ತೆರೆದಳು. ಮತ್ತೆ ಮುಚ್ಚಿ, ಆಸ್ಪತ್ರೆಯ ಕಾಗದಗಳನ್ನು ಜೋಡಿಸತೊಡಗಿದಳು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ನಾಲಿಗೆಯ ಪಕ್ಕದ ಒಂದು ಭಾಗವನ್ನೂ ಕುತ್ತಿಗೆಯ ಕೆಲವು ಗಂಟುಗಳನ್ನೂ ತೆಗೆದರು. ಗಂಟುಗಳಿಗೆ ಕ್ಯಾನ್ಸರ್ ಹರಡಿರಲಿಲ್ಲ; ರೇಡಿಯೇಶನ್ ಬೇಡವೆಂದರು. ಬೇಗ ಸಿಕ್ಕಿದ್ದೇ ಒಳ್ಳೆಯದಾಯಿತು, ಗಂಡನ ನೆಪದಲ್ಲಾದರೂ ಕ್ಲಿನಿಕ್ಕಿಗೆ ಹೋದಿರಲ್ಲ ಎಂದರು ಅಲ್ಲಿನ ಡಾಕ್ಟರು. ಹಾಗಾದರೆ ಹರಿಹರನ ಹೊಗೆಸೊಪ್ಪೇ ತನ್ನನ್ನು ಉಳಿಸಿತೇ? ಆ ಯೋಚನೆಯನ್ನು ಎಲ್ಲಿಡಬೇಕೋ ನಾಗಮಣಿಗೆ ತಿಳಿಯಲಿಲ್ಲ. ಯಾರ ಮುಂದೆಯೂ ಅದನ್ನು ಆಡಲಿಲ್ಲ.

ಊತ ಇಳಿದು ಮಾತಿಗೆ ತೊಡಗಿದಾಗ ಳಕಾರ, ಣಕಾರಗಳು ಹೊರಡುತ್ತಿರಲಿಲ್ಲ. ನಾಲಿಗೆ ಮೇಲಕ್ಕೆ ಮಡಚುತ್ತಿರಲಿಲ್ಲ. ಮಗಳು 'ಊರ್ಮಿಲಾ' ಆದಳು, ತನ್ನ ಹೆಸರು ಹೇಳಿಕೊಂಡರೆ 'ನಾಗಮನಿ'. ಹೇಳಿಕೊಟ್ಟ ವ್ಯಾಯಾಮವನ್ನು ಅಡುಗೆಮನೆಯಲ್ಲಿ ಹಟ ಹಿಡಿದು ಮಾಡಿದಳು. ಅಮ್ಮನಿಂದ ಮತ್ತೆ ಮತ್ತೆ ಹೇಳಿಸಬೇಕೆಂದು ಊರ್ಮಿಳಾ ಅವಳೊಂದಿಗೆ ಕನ್ನಡದಲ್ಲೇ ಮಾತಾಡತೊಡಗಿದಳು. "ಅಮ್ಮಾ, ಬಾಳೆಹಣ್ಣು ಅನ್ನು." ಮಗಳ ಕನ್ನಡವೂ ತಡವರಿಸುತ್ತಿತ್ತು, ಇಬ್ಬರೂ ಸರಿಸಮ.

ತಿಂಗಳುಗಳು ಕಳೆದವು. ಒಂದು ಸಂಜೆ ತರಕಾರಿ ತರಲು ಹೋದ ನಾಗಮಣಿ, ರೈಲ್ವೆ ಸ್ಟೇಷನ್ ರಸ್ತೆಯ ಅಂಗಡಿಯ ಹಿಂದೆ ಹರಿಹರ ನಿಂತಿರುವುದನ್ನು ಕಂಡಳು. ಕೆನ್ನೆ ಉಬ್ಬಿತ್ತು. ಮೊದಲಾಗಿದ್ದರೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಇಷ್ಟು ವರ್ಷ ಹೇಳುತ್ತಿದ್ದುದು ಒಂದೇ ಮಾತು: ಹಾಕಿದರೆ ಕ್ಯಾನ್ಸರ್ ಬರುತ್ತದೆ. ಹಾಕದ ತನಗೆ ಬಂದು, ಹಾಕಿದ ಅವನು ಗಟ್ಟಿಯಾಗಿ ನಿಂತಿರುವಾಗ ಆ ಮಾತನ್ನು ಯಾವ ಬಾಯಲ್ಲಿ ಹೇಳುವುದು? ಮಾತು ಸುಳ್ಳೇನೂ ಆಗಿರಲಿಲ್ಲ, ಅವನ ಕೆನ್ನೆಯ ಮಚ್ಚೆ ಇನ್ನೂ ಇತ್ತು. ಆದರೆ ಆ ಮಾತು ಈಗ ಮೊದಲಿನಂತೆ ನೆಟ್ಟಗೆ ನಿಲ್ಲುತ್ತಿರಲಿಲ್ಲ.

ಹತ್ತಿರ ಹೋಗಿ ನಿಂತಳು. ಹರಿಹರ ಬೆಚ್ಚಿ ನೋಡಿದ.

"ಉಗೀರಿ" ಎಂದಳು. "ಯಾಕೆ ಅಂತ ಕೇಳಬೇಡಿ. ನನಗೂ ಗೊತ್ತಿಲ್ಲ. ಮತ್ತೊಂದು ಸಲ ಆ ಆಸ್ಪತ್ರೆಗೆ ಹೋಗೋಕೆ ನನ್ನ ಕೈಲಾಗಲ್ಲ."

ಅವನು ಉಗಿದು, ಅಂಗಡಿಯವನ ಹತ್ತಿರ ನೀರು ಇಸಿದುಕೊಂಡು ಬಾಯಿ ಮುಕ್ಕಳಿಸಿದ. ಮುಂದಿನ ವಾರ ಇಬ್ಬರೂ ಶ್ರೀವಿದ್ಯಾ ಅವರ ಕ್ಲಿನಿಕ್ಕಿಗೆ ತಪಾಸಣೆಗೆ ಹೋದರು. ಈ ಸಲ ಎಳೆಯಬೇಕಾಗಲಿಲ್ಲ. ಹರಿಹರ ತಾನೇ ಮೊದಲು ಕುರ್ಚಿಯ ಮೇಲೆ ಕೂತು ಬಾಯಿ ತೆರೆದ.