ಹೊಸ್ತಿಲಿಲ್ಲದ ತಿಟ್ಟು

ಕರಿಘಟ್ಟದ ಬುಡದಲ್ಲಿ ತೆಪ್ಪ ಹಾಕುತ್ತಿದ್ದ ಚೌಡಯ್ಯ ಹೇಳಿದ್ದನ್ನೆಲ್ಲ ನಂಬಿದರೆ ಕಾವೇರಿಯಲ್ಲಿ ನೀರಿಗೇ ಜಾಗ ಉಳಿಯುತ್ತಿರಲಿಲ್ಲ. ಅಷ್ಟು ಮೀನು, ಅಷ್ಟು ಮೊಸಳೆ. ಒಂದು ಸಲ ಒಂದು ಮೊಸಳೆಗೆ ಹಲ್ಲುನೋವು ಬಂದು, ಬಾಯಿ ತೆರೆದುಕೊಂಡು ಇವನ ತೆಪ್ಪದ ಹಿಂದೆಯೇ ಈಜಿಕೊಂಡು ಬಂದಿತ್ತಂತೆ. ಇವನು ತನ್ನ ಎಲೆಅಡಿಕೆ ಚೀಲದಿಂದ ಒಂದು ಲವಂಗ ತೆಗೆದು ಅದರ ದವಡೆಗೆ ಒತ್ತಿದನಂತೆ. ಅವತ್ತಿನಿಂದ ಆ ಮೊಸಳೆ ಇವನನ್ನು ಕಂಡರೆ ಮರ್ಯಾದೆಯಾಗಿ ದಾರಿ ಬಿಟ್ಟು ಸರಿಯುತ್ತಿತ್ತಂತೆ.

"ಎಲ್ಲದೆ ಆ ಮೊಸಳೆ? ತೋರ್ಸು ನೋಡವ" ಎಂದು ಯಾರಾದರೂ ಕೇಳಿದರೆ, "ಸರ್ಕೋತದೆ ಅಂತ ಯೋಳ್ನಿಲ್ವೇನ್ಲಾ? ಸರ್ಕಂಡ ಮೇಲೆ ಎಂಗ್ ಕಂಡಾತು?" ಎನ್ನುತ್ತಿದ್ದ.

ಇಂಥ ಬಾಯಿಯ ಚೌಡಯ್ಯನಿಗೆ ಒಂದೇ ಒಂದು ವಿಷಯದಲ್ಲಿ ಬಾಯಿ ಕಟ್ಟಿಹೋಗುತ್ತಿತ್ತು. ಅವನ ಹೆಂಡತಿ ಮುತ್ತಮ್ಮ ಅವನ ತೆಪ್ಪ ಹತ್ತುತ್ತಿರಲಿಲ್ಲ. ಊರಿನ ಎಮ್ಮೆಗಳು ಹತ್ತಿದ್ದವು, ಸೈಕಲ್ಲುಗಳು ಹತ್ತಿದ್ದವು, ಒಮ್ಮೆ ಬ್ಯಾಂಡಿನವರ ದೊಡ್ಡ ಡೋಲೂ ಹತ್ತಿತ್ತು. ಮುತ್ತಮ್ಮ ಮಾತ್ರ ಇಲ್ಲ.

ತಪ್ಪೆಲ್ಲ ಅವನದೇ. ಮುತ್ತಮ್ಮನ ತವರು ಹೊಳೆಯಾಚೆ, ಗಂಜಾಂ ಕಡೆ. ಮದುವೆಯಾಗಿ ಹೆಣ್ಣು ಕರೆತರುವ ದಿನ, ಬೇರೆಯವರಾಗಿದ್ದರೆ ಗಾಡಿ ಕಟ್ಟಿಸುತ್ತಿದ್ದರು. ಇವನು ತನ್ನ ತೆಪ್ಪಕ್ಕೇ ಮಾವಿನ ತೋರಣ ಕಟ್ಟಿ, ಹೊಸ ಹೆಂಡತಿಯನ್ನು ಕೂರಿಸಿಕೊಂಡ. ಬಿದಿರು ಹೆಣೆದು ಡಾಂಬರು ಬಳಿದ ದುಂಡನೆ ತೆಪ್ಪ. ಅದಕ್ಕೆ ಹಿಂದಿಲ್ಲ, ಮುಂದಿಲ್ಲ. ಹುಟ್ಟನ್ನು ಒಂದು ಕಡೆಗೇ ಎಳೆದರೆ ಬುಗುರಿಯ ಹಾಗೆ ತಿರುಗುತ್ತದೆ. ನಡುಹೊಳೆಯಲ್ಲಿ ಮದುವೆ ಗಂಡಿಗೆ ಶೋಕಿ ಬಂತು. ಗಿರ್‍ರನೆ ತಿರುಗಿಸಿದ. ದಡದವರು ಕೇಕೆ ಹಾಕಿದರು, ಇನ್ನೂ ತಿರುಗಿಸಿದ. ದಡಕ್ಕೆ ಬಂದಾಗ ಮದುವಣಗಿತ್ತಿ ತಿಂದ ಒಬ್ಬಟ್ಟೆಲ್ಲ ಹೊಳೆಯ ಪಾಲಾಗಿತ್ತು. ಬಾಸಿಂಗ ಕಿವಿಗೆ ಬಂದಿತ್ತು. ಗಂಡನ ಮನೆಯವರೆಲ್ಲ ನಗುತ್ತ ನಿಂತಿದ್ದರು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ಗಂಡನ ಜೊತೆ ಆಡಿದ ಮೊದಲ ಮಾತೇ ಅದು: "ಇನ್ ನಿನ್ ತೆಪ್ಪಕ್ ಕಾಲ್ ಮಡಗಾಕಿಲ್ಲ."

ಮಡಗಲಿಲ್ಲ. ಮಕ್ಕಳಾಗಿ, ಆ ಮಕ್ಕಳಿಗೆ ಮದುವೆಯೂ ಆಯಿತು. ತವರಿಗೆ ಹೋಗಬೇಕಾದರೆ ಮುತ್ತಮ್ಮ ಸೇತುವೆ ಬಳಸಿಕೊಂಡು ಬಿಸಿಲಲ್ಲಿ ನಡೆದೇ ಹೋಗುತ್ತಿದ್ದಳು. ದಡದಲ್ಲಿ ತೆಪ್ಪ ಇಟ್ಟುಕೊಂಡು ಗಂಡ ನೋಡುತ್ತ ನಿಲ್ಲುತ್ತಿದ್ದ.

ಇಸವಿ ಅರವತ್ತೊಂಬತ್ತರ ಆಷಾಢದಲ್ಲಿ ಕ್ಯಾತನಹಳ್ಳಿಯ ಮಂಜುನಾಥ ಬಂದು ಆ ದಡದಲ್ಲಿ ಕೂತ. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬು ತೂಗಿಸುವ ಗುಮಾಸ್ತ. ಮದುವೆಯಾಗಿ ಒಂದು ತಿಂಗಳೂ ತುಂಬಿರಲಿಲ್ಲ, ಆಷಾಢ ಬಂದು ಹೆಂಡತಿ ವರಲಕ್ಷ್ಮಿಯನ್ನು ಕಿರಂಗೂರಿನ ತವರಿಗೆ ಕಳಿಸಿಬಿಟ್ಟಿದ್ದರು. ನಮ್ಮ ಕಡೆ ಕಟ್ಟಳೆಯೇ ಹಾಗೆ. ಹೊಸ ಸೊಸೆ ಅತ್ತೆಯ ಜೊತೆ ಒಂದೇ ಹೊಸ್ತಿಲು ದಾಟಬಾರದು, ಹೊಸ ಅಳಿಯ ಅತ್ತೆಯ ಮನೆ ಹೊಸ್ತಿಲು ತುಳಿಯಬಾರದು, ಅತ್ತೆಗೆ ಎದುರಾಗಲೂಬಾರದು. ಪಾಪ, ಮಂಜುನಾಥ ಹೆಂಡತಿಯ ಗುಂಗಿನಲ್ಲಿ ಕಬ್ಬಿನ ಗಾಡಿ ತೂಗುವ ಕಡೆ ಗಾಡಿ ಹೊಡೆಯುವವನನ್ನೂ ಸೇರಿಸಿ ತೂಗಿ ಬೈಸಿಕೊಂಡಿದ್ದ.

"ಏನ್ಲಾ ಮಂಜ, ಮೀನ್ ಸತ್ತಂಗ್ ಕುಂತಿದ್ದೀಯ?"

"ಆಸಾಡ ಚೌಡಣ್ಣ. ಅವ್ಳು ಆ ಮನೇಲಿ, ನಾನು ಈ ಮನೇಲಿ. ಒಸ್ಲು ದಾಟಂಗಿಲ್ವಲ್ಲ."

ಚೌಡಯ್ಯ ಬೀಡಿ ಹಚ್ಚಿ ಹೊಳೆ ನೋಡಿದ. ಕನ್ನಂಬಾಡಿ ಕಟ್ಟೆ ಇನ್ನೂ ತುಂಬಿರಲಿಲ್ಲ, ಹೊಳೆ ಸಾಧು ಹಸುವಿನ ಹಾಗೆ ಹರಿಯುತ್ತಿತ್ತು. ನಡುವೆ ದ್ವೀಪದ ಹಾಗೆ ಕೊಕ್ಕರೆ ತಿಟ್ಟು. ಒಂದು ಹೊಂಗೆ ಮರ, ಒಂದಿಷ್ಟು ಗರಿಕೆ, ಮರಳು.

"ಲೇ ಮಂಜ, ಆ ತಿಟ್ನಾಗೆ ಒಸ್ಲು ಎಲ್ಲದೆ ತೋರ್ಸ್ಲಾ?"

ಮಂಜುನಾಥ ಎದ್ದು ನಿಂತ. ಹೀಗೆ ಶುರುವಾಯಿತು ಚೌಡಯ್ಯನ ಹೊಸ ಕಸುಬು.

ವರಲಕ್ಷ್ಮಿ ಕರಿಘಟ್ಟದ ದೇವರಿಗೆ ದೀಪ ಹಚ್ಚುತ್ತೇನೆಂದು ಮನೆಯಲ್ಲಿ ಹೇಳಿ ಬರುವುದು. ಇವನು ಬಸ್ಸಿಳಿದು ಬರುವುದು. ಚೌಡಯ್ಯ ಇಬ್ಬರನ್ನೂ ತಿಟ್ಟಿಗೆ ಬಿಟ್ಟು, ಹೊಂಗೆ ಮರದ ಕೆಳಗೆ ಚಾಪೆ ಹಾಸಿ, ಬಾಳೆ ಎಲೆ ಹರಡಿ, ತಾನು ತಿಟ್ಟಿನ ಆಚೆ ತುದಿಗೆ ಹೋಗಿ ಬೆನ್ನು ತಿರುಗಿಸಿ ಕೂರುವುದು. ತಾನು ಅಲ್ಲೇ ಇದ್ದೇನೆ, ಹತ್ತಿರ ಬಂದಿಲ್ಲ ಎಂದು ಅವರಿಗೆ ಗೊತ್ತಾಗಲೆಂದು ಗಟ್ಟಿಯಾಗಿ ಸೋಬಾನೆ ಹಾಡುವುದು. ಅವನ ದನಿ ಕೇಳಿ ಕೊಕ್ಕರೆಗಳೂ ಎದ್ದು ಹೋಗುತ್ತಿದ್ದವು, ಏಕಾಂತ ಇನ್ನೂ ಹೆಚ್ಚುತ್ತಿತ್ತು.

ಊಟ ಮುತ್ತಮ್ಮನದು. ಬಿಸಿ ಮುದ್ದೆ, ಹೊಳೆಮೀನಿನ ಸಾರು, ಸಾರಿಗೆ ಅವಳೇ ಅರೆದ ಖಾರ. ವೈನು ಮಾತ್ರ ಮಂಜುನಾಥನ ಹುಚ್ಚು. ಮೈಸೂರಿನ ಟಾಕೀಸಿನಲ್ಲಿ ಬಿಳಿಯ ಗಂಡಹೆಂಡಿರು ಗಾಜಿನ ಲೋಟ ತಾಗಿಸಿ ಕೆಂಪನೆಯದೇನೋ ಕುಡಿದಿದ್ದನ್ನು ನೋಡಿ ಬಂದಿದ್ದ. "ಅದೇ ಬೇಕು ಚೌಡಣ್ಣ, ವೈನು" ಎಂದ. ಚೌಡಯ್ಯ ಯಾವುದಕ್ಕೂ ಇಲ್ಲ ಎಂದವನಲ್ಲ. ಆಷಾಢವೆಂದರೆ ನೇರಳೆ ಹಣ್ಣಿನ ಕಾಲ. ಹಣ್ಣು ಹಿಸುಕಿ ಬೆಲ್ಲ ಹಾಕಿ, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ಒಲೆಯ ಪಕ್ಕ ಹೂತಿಟ್ಟ. ಹುಳಿತು, ನೊರೆ ಬಂತು, ಸೋಸಿದ. "ಪಾಂಡವಪುರಕ್ಕೆ ಮೊದ್ಲು ಫ್ರೆಂಚ್ ರಾಕ್ಸ್ ಅಂತಿದ್ರಲ್ಲ, ಆ ಫ್ರೆಂಚ್ ಸಿಪಾಯ್ಗಳು ನಮ್ಮಜ್ಜನ್ ಕಿವೀಲಿ ಯೋಳ್ಕೊಟ್ಟೋದ ವೈನು ಕಣ್ಲಾ" ಎಂದ. ಅಜ್ಜ ಅವರಿಗೆ ಬದಲಾಗಿ ಉಪ್ಸಾರು ಕಲಿಸಿಕೊಟ್ಟನಂತೆ.

ಸುದ್ದಿ ಬಸ್ಸು ಹತ್ತಿತು. ಪಾಂಡವಪುರದಿಂದ ಒಂದು ಜೋಡಿ, ಕೆ.ಆರ್. ಪೇಟೆಯಿಂದ ಇನ್ನೊಂದು. ನಾಗಮಂಗಲದ ಗಂಡೊಬ್ಬ ಹೆಂಡತಿಯ ಜೊತೆ ಮಾತಾಡಲು ನಾಚಿ, ಚೌಡಯ್ಯನನ್ನೇ ನಡುವೆ ಕೂರಿಸಿಕೊಂಡು ಮಳೆ ಬೆಳೆ ವಿಚಾರ ಮಾತಾಡಿ ಎದ್ದುಹೋದ. ಒಂದು ಸಂಜೆಗೆ ಒಂದೇ ಜೋಡಿ. ಬೇರೆಯವರು ಬಂದರೆ ಮಾರನೇ ದಿನ.

ದಿನಾ ಸಂಜೆ ಖಾಲಿ ಪಾತ್ರೆ ಹೊತ್ತು ಬಂದ ಗಂಡನನ್ನು ಮುತ್ತಮ್ಮ ಕೇಳುತ್ತಿದ್ದಳು: "ಸಾರು ಎಂಗಿತ್ತಂತೆ?"

"ಎಲೆ ಸಮೇತ ನೆಕ್ಬುಟ್ರು ಕಣಮ್ಮಿ."

"ಅವ್ರು ಏನ್ ಮಾಡ್ತಾರೆ ಅಲ್ಲಿ?"

"ಒಂದೇ ಎಲೇಲಿ ಉಣ್ತಾರೆ. ಅವ್ನು ಮುಳ್ಳು ಬುಡ್ಸಿ ಅವ್ಳಿಗ್ ಕೊಡ್ತಾನೆ. ನೀನೂ ಬಾರಮ್ಮಿ ಒಂದಪ."

"ಬರಾಕಿಲ್ಲ ಓಗು."

ಅವನು ಆಸೆ ತೋರಿಸಿದ. ತಿಟ್ಟಿನ ಹೊಂಗೆ ಮರದಲ್ಲಿ ರಾತ್ರೋರಾತ್ರಿ ಹಲಸು ಬಿಟ್ಟಿದೆ ಎಂದ. ಅವಳ ಹೆಸರು ಕೂಗುವ ಕೊಕ್ಕರೆಯೊಂದಿದೆ ಎಂದ. ಮುತ್ತಮ್ಮ ನಕ್ಕು ಒಲೆಗೆ ಸೌದೆ ನೂಕಿದಳು. ಮಿಕ್ಕವರ ಹೆಂಡಿರನ್ನೆಲ್ಲ ತಿಟ್ಟಿಗೆ ದಾಟಿಸಿ, ತನ್ನ ಹೆಂಡತಿಯ ಅಡುಗೆಯನ್ನೂ ದಾಟಿಸಿ, ಅವಳನ್ನೊಬ್ಬಳನ್ನು ದಾಟಿಸಲಾರದೆ ಚೌಡಯ್ಯ ಬೆನ್ನು ತಿರುಗಿಸಿ ಕೂತು ಸೋಬಾನೆ ಹಾಡುತ್ತಿದ್ದ. ಆ ತಿಟ್ಟಿನಲ್ಲಿ ಅವಳೊಂದು ಸಲ ತನ್ನ ಜೊತೆ ಕೂತು ಉಂಡರೆ ಸಾಕು ಎನಿಸುತ್ತಿತ್ತು ಅವನಿಗೆ. ಮೊಸಳೆಗೆ ಲವಂಗ ಇಟ್ಟವನಿಗೆ ಹೆಂಡತಿಯ ಬಾಯಿಗೆ ಒಂದು ತುತ್ತು ಇಡುವುದು ಕಷ್ಟವಾಗಿತ್ತು.

ಒಂದು ಶನಿವಾರ ಮಂಜುನಾಥನ ಸರದಿ ಮತ್ತೆ ಬಂತು. ಅವತ್ತು ಮೀನು ಸಿಕ್ಕಿದ್ದೇ ತಡವಾಗಿ. "ಅವ್ರನ್ನ ಬುಟ್ಟು ಬಾ, ಅಷ್ಟೊತ್ಗೆ ಸಾರು ಕುದಿಸಿರ್ತೀನಿ" ಎಂದಳು ಮುತ್ತಮ್ಮ. ಚೌಡಯ್ಯ ಗಂಡಹೆಂಡಿರನ್ನೂ ಮುದ್ದೆಯನ್ನೂ ವೈನನ್ನೂ ತಿಟ್ಟಿಗಿಳಿಸಿ ದಡಕ್ಕೆ ಬಂದರೆ, ಮುತ್ತಮ್ಮ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಅವಳ ಹಿಂದೆಯೇ ಬೆಟ್ಟದ ಮೆಟ್ಟಿಲಿಳಿದು ದುಸುದುಸು ಎನ್ನುತ್ತ ಒಂದು ಕೊಡೆ ಬರುತ್ತಿತ್ತು. ಕೊಡೆಯ ಕೆಳಗೆ ವರಲಕ್ಷ್ಮಿಯ ತಾಯಿ ಪುಟ್ಟಲಕ್ಷ್ಮಮ್ಮ.

ಮಗಳು ಮದುವೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಪೌಡರು ಹಚ್ಚಿಕೊಂಡು ದೀಪ ಹಚ್ಚಲು ಹೋಗುವುದು ಯಾವ ದೇವರಿಗೆ ಎಂದು ನೋಡಲು ಆಕೆ ಬೆಟ್ಟ ಹತ್ತಿದ್ದಳು. ಚೌಡಯ್ಯ ಎಲ್ಲ ಯೋಚಿಸಿದ್ದ, ಇದೊಂದನ್ನು ಯೋಚಿಸಿರಲಿಲ್ಲ: ಕರಿಘಟ್ಟದ ತಲೆಯ ಮೇಲೆ ನಿಂತರೆ ಹೊಳೆಯೂ ತಿಟ್ಟೂ ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ ಕಾಣುತ್ತದೆ. ಅಂಥ ಕಡೆ ಗುಟ್ಟಾಗಿ ಸಂಸಾರ ಮಾಡಿಸುತ್ತಿದ್ದ ಪುಣ್ಯಾತ್ಮ!

"ಚೌಡ! ಯಾವನ್ಲಾ ಅಲ್ಲಿ ನನ್ ಮಗ್ಳ್ ಜೊತೆ?"

"ನಿಮ್ ಅಳೀಮಯ್ಯನೇ ಕಣಕ್ಕ! ಬೇರೆ ಯಾರ್ನಾದ್ರೂ ಬುಡ್ತೀನಾ?"

"ಆಸಾಡ್ದಲ್ಲಿ?"

"ಒಳೇಲಿ ಆಸಾಡ ಇಲ್ಲ ಕಣಕ್ಕ, ಬರೀ ನೀರು. ಒಸ್ಲಿದ್ರೆ ತಾನೆ ದೋಸ?"

"ನಡಿ, ನಾನೇ ಬಂದು ಕರ್ಕಂಡ್ ಬತ್ತೀನಿ!" ಪುಟ್ಟಲಕ್ಷ್ಮಮ್ಮ ಕೊಡೆ ಮಡಚಿ ತೆಪ್ಪಕ್ಕೆ ಕಾಲೆತ್ತಿದಳು. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಅಲ್ಲಿ ಅಳಿಯನಿದ್ದಾನೆ. ಆಷಾಢದಲ್ಲಿ ಅತ್ತೆ ತಾನಾಗಿ ಅಳಿಯನ ಎದುರಿಗೆ ಹೋದರೆ ಅವಳೇ ಕಟ್ಟಳೆ ಮುರಿದ ಹಾಗೆ.

"ಬನ್ನಿ ಅಕ್ಕ" ಎಂದ ಚೌಡಯ್ಯ ವಿನಯವಾಗಿ. "ಅಂದಂಗೆ ಇದೇ ತೆಪ್ಪದ ಅಂಚು ದಾಟ್ಕಂಡೇ ನಿಮ್ಮಳಿಯ ಓಗವ್ನೆ. ತೆಪ್ಪದ ಅಂಚು ಒಸ್ಲೋ ಅಲ್ವೋ, ನೀವೇ ತೀರ್ಮಾನ ಮಾಡಿ. ಒಸ್ಲಾದ್ರೆ ನೀವು ಬರಂಗಿಲ್ಲ. ಒಸ್ಲಲ್ಲ ಅಂದ್ರೆ ಅವ್ರ್ ತಪ್ಪೇನೂ ಇಲ್ಲ."

ಪುಟ್ಟಲಕ್ಷ್ಮಮ್ಮ ಕಾಲಿಳಿಸಿದಳು. "ನಿನ್ ಬಾಯ್ಗೆ ಮಣ್ಣಾಕ! ನಿನ್ನ ಕಳ್ಸುದ್ರೆ ನೀನೂ ಅಲ್ಲೇ ಉಣ್ಣಕ್ ಕುಂತ್ಕತೀಯ. ಮುತ್ತಕ್ಕ, ನೀನ್ ಓಗು. ದೊಡ್ಡೋಳು ನೀನು, ಸುಳ್ಳಾಡದೋಳು. ನನ್ ಮಗೀನ ಕರ್ಕಂಡ್ ಬಾ. ಇಲ್ದಿದ್ರೆ ಇಲ್ಲೇ ನಿಂತು ಕಿರಂಗೂರ್ಗೇ ಕೇಳ್ಸಂಗ್ ಕೂಗ್ತೀನಿ."

ಚೌಡಯ್ಯ ಹೆಂಡತಿಯ ಮುಖ ನೋಡಿದ. ಕೂಗಿದರೆ ಕಸುಬು ಹೋದೀತು, ಹೋಗಲಿ. ಮುತ್ತಮ್ಮ ಹೊರಗಿನವರ ಮುಂದೆ ಮತ್ತೊಂದು ಸಲ "ಕಾಲ್ ಮಡಗಾಕಿಲ್ಲ" ಎಂದುಬಿಟ್ಟರೆ ಅದು ಇನ್ನು ಜನ್ಮಕ್ಕೆ ಅಳಿಸುವುದಿಲ್ಲ. ಅವನು ಹುಟ್ಟನ್ನು ಹಿಡಿದು ನೀರು ನೋಡುತ್ತ ನಿಂತ.

ಮುತ್ತಮ್ಮ ತೆಪ್ಪ ನೋಡಿದಳು. ತಿಟ್ಟು ನೋಡಿದಳು. ಅಲ್ಲಿ ಎರಡು ಜೀವ ಎಲೆಯ ಮುಂದೆ ಕೂತು, ದಡದ ಕಡೆಗೇ ಕತ್ತು ಚಾಚಿದ್ದವು.

"ಮುದ್ದೆ ಆರ್ತಾ ಅದೆ" ಎಂದಳು.

"ಆಂ?"

"ಮುದ್ದೆ ಆರ್ತಾ ಅದೆ ಅಂದೆ. ತಣ್ಣನ್ ಮುದ್ದೇಗೆ ನನ್ ಸಾರು ಉಯ್ಕಂಡು ಉಂಡ್ರೆ ಯಾರ್ ಮಾನ ಓಯ್ತದೆ? ನಿಂದಾ?" ಸೀರೆ ಎತ್ತಿ ಕಟ್ಟಿ, ಪಾತ್ರೆಯನ್ನು ಎದೆಗವಚಿಕೊಂಡು, ಮುತ್ತಮ್ಮ ತೆಪ್ಪದೊಳಕ್ಕೆ ಕಾಲಿಟ್ಟಳು. ಕುಕ್ಕರಗಾಲಲ್ಲಿ ಕೂತು ಗಂಡನ ಮುಖಕ್ಕೆ ಬೆರಳು ತೋರಿಸಿದಳು. "ತಿರುಗ್ಸಿದ್ಯೋ, ಈ ಬಿಸಿ ಸಾರು ನಿನ್ ತಲೆ ಮೇಲೆ."

ತೆಪ್ಪ ತಿರುಗಿಸುವುದು ಯಾವ ಹುಡುಗನಿಗಾದರೂ ಬರುತ್ತದೆ. ತಿರುಗದ ಹಾಗೆ ನಡೆಸುವುದೇ ವಿದ್ಯೆ. ಚೌಡಯ್ಯ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ, ಮಗುವಿನ ಬೆನ್ನು ಸವರಿದ ಹಾಗೆ ಹುಟ್ಟು ಹಾಕಿದ. ಅವನ ಕಣ್ಣು ತಿಟ್ಟಿನ ಮೇಲಿರಲಿಲ್ಲ, ಸಾರಿನ ಮೇಲಿತ್ತು. ಸಾರಿನ ಮೇಲಿನ ಎಣ್ಣೆಯ ಬೊಟ್ಟುಗಳು ಇದ್ದಲ್ಲೇ ಇದ್ದವು. ಅವನ ಹಣೆಯ ಬೆವರು ಮೂಗಿನ ತುದಿಗೆ ಬಂದು ನೇತಾಡಿತು. ಒರೆಸಿಕೊಳ್ಳಲು ಕೈ ಬಿಡಲಿಲ್ಲ. ಅರ್ಧ ದಾರಿ ಸಾಗಿದ ಮೇಲೆ ಮುತ್ತಮ್ಮ ಪಾತ್ರೆಯ ಮೇಲಿಂದ ಒಂದು ಕೈ ತೆಗೆದು, ನೀರಿಗೆ ಇಳಿಬಿಟ್ಟಳು.

ತಿಟ್ಟಿನಲ್ಲಿ ವರಲಕ್ಷ್ಮಿ ಅಳುವುದೊಂದು ಬಾಕಿ. "ಅವ್ವ ಬಂದವ್ಳೆ, ಉಣ್ಣದ್ ಬ್ಯಾಡ, ಓಗ್ತೀನಿ" ಎಂದಳು.

"ಕರ್ಕಂಡ್ ಬಾ ಅಂದವ್ಳೆ, ಉಪಾಸ ಕರ್ಕಂಡ್ ಬಾ ಅಂದಿಲ್ಲ. ಕುಂತ್ಕೊ" ಎಂದಳು ಮುತ್ತಮ್ಮ. ಸಾರು ಬಡಿಸಿದಳು. ಮಂಜುನಾಥನಿಗೆ ಒಂದು ಹೋಳು ಹೆಚ್ಚು ಹಾಕಿದಳು. ಆಮೇಲೆ ಇನ್ನೊಂದು ಎಲೆಗೆ ಮುದ್ದೆ, ಮೀನು ಇಟ್ಟು, ಮುತ್ತುಗದ ದೊನ್ನೆಗೆ ಸಾರು ಹುಯ್ದು ಗಂಡನ ಕೈಗೆ ಕೊಟ್ಟಳು. "ಆಯಮ್ಮಂಗೆ ಕೊಟ್ಟು ಬಾ. ಬೆಟ್ಟ ಹತ್ತಿ ಇಳ್ದವ್ಳೆ, ಹಸ್ದಿರ್ತಾಳೆ. ಬಾಯಿ ತುಂಬ್ಕಂಡಿದ್ರೆ ಕೂಗಾಕಾಗಲ್ಲ."

ಪುಟ್ಟಲಕ್ಷ್ಮಮ್ಮ ಮೊದಲು ಮುಖ ತಿರುಗಿಸಿದಳು. ಮೂಗು ತಿರುಗಲಿಲ್ಲ. ಮಗಳು ಉಂಡು ಚೌಡಯ್ಯನ ತೆಪ್ಪದಲ್ಲಿ ದಡಕ್ಕೆ ಬಂದಿಳಿಯುವ ಹೊತ್ತಿಗೆ ತಾಯಿ ಕೊಡೆಯ ಮರೆಯಲ್ಲಿ ದೊನ್ನೆಯ ತಳ ಬಳಿಯುತ್ತಿದ್ದಳು. ಮಗಳನ್ನು ಅಡಿಯಿಂದ ಮುಡಿಯವರೆಗೂ ನೋಡಿ, "ಮುಂದಿನ್ ಶನಿವಾರ ದೀಪ ಹಚ್ಚಕ್ಕೆ ಈ ಸೀರೆ ಉಡ್ಬ್ಯಾಡ, ದೂರಕ್ಕೆ ಕಾಣ್ತದೆ" ಎಂದಳು. ಅಷ್ಟೇ.

ಅತ್ತೆ ನಿಂತ ದಡಕ್ಕೆ ಅಳಿಯನನ್ನು ಇಳಿಸುವ ಹಾಗಿರಲಿಲ್ಲ. ಅವನನ್ನು ಗಂಜಾಂ ಕಡೆ ಇಳಿಸಬೇಕು. "ಬುಟ್ಟು ಬಾ" ಎಂದಳು ತಿಟ್ಟಿನಲ್ಲೇ ಉಳಿದಿದ್ದ ಮುತ್ತಮ್ಮ. "ನಾನು ಇಲ್ಲಿ ಎಲೆ ಎತ್ತಿರ್ತೀನಿ."

ಚೌಡಯ್ಯ ಹೋಗಿ ಬರುವ ಹೊತ್ತಿಗೆ ಬಿಸಿಲು ಹೊಂಗೆ ಮರದ ಬುಡಕ್ಕೆ ಇಳಿದಿತ್ತು. ಎಲೆ ಎತ್ತಿದ್ದಳು, ಹೊಸದೊಂದು ಹಾಕಿದ್ದಳು. ಒಂದೇ ಎಲೆ. ಉಳಿದಿದ್ದದ್ದೂ ಒಂದೇ ಮುದ್ದೆ, ಒಂದು ಮೀನಿನ ತಲೆ, ಪಾತ್ರೆಯ ತಳದ ಸಾರು. ಚೌಡಯ್ಯ ಎದುರಿಗೆ ಕೂತ. ಮೀನಿನ ಕೆನ್ನೆಯ ಮೆತ್ತನೆ ಭಾಗ ಬಿಡಿಸಿ ಎಲೆಯ ಮೇಲೆ ಅವಳ ಕಡೆಗೆ ನೂಕಿದ. ಅವಳು ಮುದ್ದೆ ಮುರಿದು ಸಾರಿಗದ್ದಿ ನುಂಗಿದಳು.

"ನೆಟ್ಗೆ ತೆಪ್ಪ ಹಾಕಕ್ಕೆ ಬತ್ತದಲ್ಲ ನಿಂಗೆ" ಎಂದಳು.

"ಊಂ."

"ಮದ್ವೆ ದಿನ ಏನಾಗಿತ್ತು?"

"ನೀನ್ ಚೆಂದಾಗಿದ್ದೆ. ದಡಕ್ಕೆ ಬೇಗ ಓಗಕ್ಕೆ ಮನ್ಸ್ ಬರ್ನಿಲ್ಲ. ತಿರುಗ್ಸಿದ್ರೆ ಒಸಿ ಒತ್ತು ನೀರಲ್ಲೇ ಇರ್ಬೋದು ಅಂತ."

ಮುತ್ತಮ್ಮ ಅವನ ಮುಖ ನೋಡಿದಳು. ಇದು ಅವನ ಮೊಸಳೆ ಕಥೆಗಳ ಪೈಕಿಯೋ ಅಲ್ಲವೋ ಎಂದು ಅಳೆದಳು. ಗಾಜಿನ ಲೋಟದಲ್ಲಿ ಉಳಿದಿದ್ದ ನೇರಳೆ ವೈನನ್ನು ಒಂದು ಗುಟುಕು ಕುಡಿದು, ಮುಖ ಕಿವುಚಿ, ಇನ್ನೊಂದು ಗುಟುಕು ಕುಡಿದಳು.

"ನಾಳೆ ಯಾರ್ ಬತ್ತಾರೆ ಇಲ್ಗೆ?"

"ಕೆ.ಆರ್. ಪೇಟೆಯೋರು."

"ನಾಳಿದ್ದು ಬರಾಕ್ ಯೋಳು ಅವ್ರಿಗೆ" ಎಂದಳು ಮುತ್ತಮ್ಮ, ಎಲೆಯ ಮೇಲಿನ ಕೊನೆಯ ತುತ್ತನ್ನು ಎರಡು ಭಾಗ ಮಾಡುತ್ತ. "ನಾಳೀಕೆ ಕೋಳಿ ಮಾಡ್ತೀನಿ, ತಿಟ್ಟು ನಮ್ದು."