ಫುಟ್‌ಬಾಲ್ ಕ್ಲಬ್ಬಿಗೆ ಸಂಬಂಧ ನೋಡಿದ್ದು

ಲಗ್ನಪತ್ರಿಕೆ ಅಚ್ಚು ಹಾಕುವುದು ನನ್ನ ಉದ್ಯೋಗ. ಬೆಟಗೇರಿಯಲ್ಲಿ ಒಂದು ಸಣ್ಣ ಅಂಗಡಿ, ಒಂದು ಯಂತ್ರ, ಒಂದು ಕಂಪ್ಯೂಟರು. ಯಾರ ಮನೆಯ ಹುಡುಗಿ ಯಾವ ಊರಿಗೆ ಹೋದಳು, ಯಾರು ಯಾರಿಗೆ ಬೀಗರಾದರು ಎಂಬುದೆಲ್ಲ ನನ್ನ ಕೈಮೇಲೆಯೇ ಹಾದು ಹೋಗುತ್ತದೆ. ಆದ್ದರಿಂದ ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಹೊಸ ಮ್ಯಾನೇಜರ್ ಬೇಕಾದಾಗ ನಾನು ಅದನ್ನೂ ಮದುವೆಯ ಲೆಕ್ಕದಲ್ಲೇ ಯೋಚಿಸಿದೆ ಎಂದರೆ ತಪ್ಪು ನನ್ನದಲ್ಲ, ಉದ್ಯೋಗದ್ದು.

ಹಳೆಯ ಮ್ಯಾನೇಜರ್ ಸರಕಾರಿ ನೌಕರರು, ಬಳ್ಳಾರಿ ಕಡೆಯವರು. ವರ್ಗವಾಗಿ ಹೋದರು. ಅವರಿಗೆ ಶಾಲು ಹೊದಿಸಿ, ಹಾರ ಹಾಕಿ, ಕಣ್ಣು ಒರೆಸಿಕೊಂಡು ಕಳಿಸಿಕೊಟ್ಟ ಮರುದಿನವೇ ಜಗಳ ಶುರುವಾಯಿತು. ಹೊರಗಿನವರಿಗೆ ಗದಗ, ಬೆಟಗೇರಿ ಎರಡೂ ಒಂದೇ ಊರು. ನಗರಸಭೆಯ ಬೋರ್ಡಿನ ಮೇಲೂ ಹಾಗೇ ಬರೆದಿದೆ. ಒಳಗಿನ ಮಾತು ನಮಗಷ್ಟೇ ಗೊತ್ತು. ನಮ್ಮ ಕ್ಲಬ್ಬಿನ ಹುಡುಗರಲ್ಲಿ ಅರ್ಧ ಗದಗಿನವರು, ಅರ್ಧ ಬೆಟಗೇರಿಯವರು. ಆಟದ ದಿನ ಹನ್ನೊಂದು ಜನರನ್ನು ಆರಿಸುವವನು ಮ್ಯಾನೇಜರ್. ಅವನು ಗದಗಿನವನಾದರೆ ಬೆಟಗೇರಿಗೆ ಅನುಮಾನ, ಬೆಟಗೇರಿಯವನಾದರೆ ಗದಗಿಗೆ ಹೊಟ್ಟೆಯಲ್ಲಿ ಬೆಂಕಿ.

ನಾನು ಅಧ್ಯಕ್ಷ, ಬೆಟಗೇರಿಯವನು. ಗದಗಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಗೆಳೆಯ ಉಪಾಧ್ಯಕ್ಷ. ಮೀಸೆ ಮೂಡುವ ಮೊದಲಿನಿಂದಲೂ ನಾವಿಬ್ಬರೂ ಒಂದೇ ಕಪ್ಪು ಮಣ್ಣಿನ ಮೈದಾನದಲ್ಲಿ ಚೆಂಡು ಒದ್ದವರು. ನಾನು ಗೋಲ್ ಕಾಯುತ್ತಿದ್ದೆ, ಅವನು ಮುಂದೆ ಓಡುತ್ತಿದ್ದ. ಕ್ಲಬ್ ಕಟ್ಟಿದ್ದೂ ನಾವೇ. ಸಭೆಯಲ್ಲಿ ಅವನು ತನ್ನ ಊರಿನ ಒಬ್ಬನ ಹೆಸರು ಹೇಳಿದ, ನಾನು ನನ್ನ ಊರಿನ ಒಬ್ಬನದು ಹೇಳಿದೆ. ಅಷ್ಟೇ ಸಾಕಾಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಅವನಿಗೆ ಅದಕ್ಕಿಂತ ಮುಂದೆ. ಕುರ್ಚಿಗಳು ಹಿಂದಕ್ಕೆ ಬಿದ್ದವು. ಸಂಜೆಯ ಹೊತ್ತಿಗೆ ಗದಗಿನ ಹುಡುಗರು ವಾಟ್ಸಾಪ್ ಗುಂಪಿನಿಂದ ಒಬ್ಬೊಬ್ಬರಾಗಿ ಹೊರಗೆ ಹೋದರು. ಬೇರೆ ಕ್ಲಬ್ ಮಾಡುತ್ತಾರಂತೆ ಎಂಬ ಖಬರು ಬಂತು.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಕ್ಲಬ್ ಎರಡಾದರೆ ಆಗಲಿ, ಹಾಳಾಗಿ ಹೋಗಲಿ ಎನ್ನಬಹುದು. ಆದರೆ ಮುಂದಿನ ವರ್ಷ ಅದೇ ಮೈದಾನದಲ್ಲಿ ಅವನು ಆ ಕಡೆ, ನಾನು ಈ ಕಡೆ ನಿಂತು ಒಬ್ಬರಿಗೊಬ್ಬರು ಸೋಲು ಬಯಸಬೇಕಲ್ಲ. ಇಷ್ಟು ವರ್ಷದ ಗೆಳೆತನ ಯಾವನೋ ಒಬ್ಬ ಮ್ಯಾನೇಜರನ ಸಲುವಾಗಿ ಹೋಗಬೇಕೇ?

ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಸುತ್ತಲಿನ ಹಳ್ಳಿಗಳಲ್ಲಿ ಸಂಬಂಧ ಕುದುರಿಸುವುದರಲ್ಲಿ ದೊಡ್ಡ ಹೆಸರು. ಅವರ ಮುಂದೆ ಹೋಗಿ ಗೋಳು ತೋಡಿಕೊಂಡೆ. ಎರಡೂ ಊರಿನವನಲ್ಲದ, ಎರಡೂ ಊರಿಗೆ ಕೊಟ್ಟು ತಂದ ಸಂಬಂಧ ಇಲ್ಲದ ಒಬ್ಬನನ್ನು ಹೊರಗಿನಿಂದ ತರೋಣ, ನೀವೇ ನಡುವೆ ನಿಲ್ಲಬೇಕು ಎಂದೆ. ಕಾಕಾ ನನ್ನ ಗೆಳೆಯನನ್ನೂ ಒಪ್ಪಿಸಿದರು. ಭಾನುವಾರ ಮುಂಜಾನೆ ಬಾಡಿಗೆ ಗಾಡಿ ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಳೆಹಣ್ಣು ಕಟ್ಟಿಸಿಕೊಂಡು ಹೊರಟೆವು. ಗೆಳೆಯ ಮುಂದಿನ ಸೀಟಿನಲ್ಲಿ ಕುಳಿತ, ನಾನು ಹಿಂದೆ. ನನಗೆ ಕಿಟಕಿ ಇಳಿಸಬೇಕಾದರೆ ಕಾಕಾಗೆ ಹೇಳುತ್ತಿದ್ದೆ, ಕಾಕಾ ಅವನಿಗೆ ಹೇಳುತ್ತಿದ್ದರು, ಅವನು ಡ್ರೈವರನಿಗೆ ಹೇಳುತ್ತಿದ್ದ.

ಎರಡೂ ಊರಿಗೆ ಸಂಬಂಧ ಇಲ್ಲದವನು ಬೇಕು ಎಂದು ಹೇಳುವುದು ಸುಲಭ. ನಮ್ಮ ಜಿಲ್ಲೆಯಲ್ಲಿ ಅಂಥವನನ್ನು ಹುಡುಕುವುದಿದೆಯಲ್ಲ, ಅದು ಶತ್ರುವಿಗೂ ಬೇಡ. ಹುಲಕೋಟಿಯಲ್ಲಿ ಸಹಕಾರಿ ಸಂಘದ ನೌಕರರೊಬ್ಬರು, ಹಿಂದೆ ಒಳ್ಳೆಯ ಆಟಗಾರರು. ಬಲು ಸಜ್ಜನರು. ಬಿಸಿ ಬಿಸಿ ಉಪ್ಪಿಟ್ಟು ತಿನ್ನಿಸಿದರು. ಕೊನೆಗೆ ನೋಡಿದರೆ ಹೆಂಡತಿಯ ತವರು ಗದಗ. ನಾನು ಕಾಕಾನ ಮುಖ ನೋಡಿದೆ. ಡಂಬಳದಲ್ಲಿ ರೈತರೊಬ್ಬರು, ಹೊಲದಿಂದ ಬಂದು ಕೈಕಾಲು ತೊಳೆದುಕೊಂಡವರೇ ಫುಟ್‌ಬಾಲಿನ ಮಾತಿಗೆ ಕುಳಿತರು. ನನಗಂತೂ ಬಹಳ ಹಿಡಿಸಿದರು. ಅವರ ತಂಗಿಯನ್ನು ಬೆಟಗೇರಿಗೇ ಕೊಟ್ಟಿದೆ, ಅದರ ಪತ್ರಿಕೆ ಹಾಕಿದವನು ನಾನೇ ಎಂದು ಆಮೇಲೆ ನೆನಪಾಯಿತು. ಈಗ ಗೆಳೆಯ ಕಾಕಾನ ಮುಖ ನೋಡಿದ.

ಮುಂಡರಗಿಯಲ್ಲಿ ಒಬ್ಬನು ಸಿಕ್ಕ. ಗದಗಿಗೂ ಸಂಬಂಧವಿಲ್ಲ, ಬೆಟಗೇರಿಗೂ ಇಲ್ಲ. ವಿಚಾರಿಸಿದರೆ ಯಾವ ಊರಿಗೂ ಇಲ್ಲ. ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ, ಆಟದ ಮೇಲೆ ಒಂದು ದೊಡ್ಡ ಭಾಷಣ ಮಾಡಿದ. ಒಳಗೆ ಬನ್ನಿ ಅನ್ನಲಿಲ್ಲ, ಕುಡಿಯಲು ನೀರು ಕೊಡಲಿಲ್ಲ. ಕಾಕಾ ಚಪ್ಪಲಿ ಮೆಟ್ಟಿಕೊಂಡು ಮೊದಲು ಹೊರಬಿದ್ದರು. ಗಾಡಿಯಲ್ಲಿ ಕುಳಿತ ಮೇಲೆ, ಇವನಿಗೆ ಸಂಬಂಧ ಯಾಕಿಲ್ಲ ಅಂತ ಗೊತ್ತಾತು ಬಿಡ್ರಿ ಎಂದರು. ಮುಂದಿನ ಸೀಟಿನಲ್ಲಿ ಗೆಳೆಯನ ಭುಜ ಅಲುಗಾಡಿತು. ನಗುತ್ತಿದ್ದಾನೆಂದು ನನಗೆ ತಿಳಿಯಿತು. ನಾನೂ ನಕ್ಕೆ, ಆದರೆ ಕಿಟಕಿಯ ಹೊರಗೆ.

ಹೀಗೆ ಸೋತು ಸುಣ್ಣವಾಗಿ ನಾನು ಹಳೆಯ ಮ್ಯಾನೇಜರ್ ಅವರಿಗೇ ಫೋನು ಮಾಡಿದೆ. ಅವರು, ಶಿರಹಟ್ಟಿಯಲ್ಲಿ ಆಟದ ಮಾಸ್ತರರೊಬ್ಬರಿದ್ದಾರೆ, ನಾನೇ ಮಾತಾಡಿಡುತ್ತೇನೆ, ಮುಂದಿನ ಭಾನುವಾರ ಸುಮ್ಮನೆ ಹೋಗಿ ಬನ್ನಿ ಎಂದರು. ಸಂಬಂಧದ ವಿಷಯ ಕೇಳಿದೆ. ಎಲ್ಲ ಅಲ್ಲೇ ಗೊತ್ತಾಗುತ್ತದೆ ಎಂದು ಫೋನಿಟ್ಟರು.

ಶಿರಹಟ್ಟಿಯ ಆ ಮನೆಗೆ ಹೋದಾಗ ಬಾಗಿಲಲ್ಲಿ ರಂಗೋಲಿ ಹಾಕಿತ್ತು. ಮಾಸ್ತರರು ನಲವತ್ತು ದಾಟಿದವರು, ಗಟ್ಟಿ ಎಲುಬಿನ ಮೈ, ಮಾತು ಕಡಿಮೆ. ಅವರ ತಾಯಿಯದು ಮಾತ್ರ ಮನೆ ತುಂಬ ಮಾತು. ಜಮಖಾನೆ ಹಾಸಿ ಕೂರಿಸಿದರು. ನೀರು ಕೊಟ್ಟರು, ಗಿರ್ಮಿಟ್ ಕೊಟ್ಟರು, ಮಿರ್ಚಿ ಭಜಿ ಬಂದವು, ಚಹಾ ಬಂತು. ಮಾಸ್ತರರು ನಮ್ಮ ಹುಡುಗರ ಆಟದ ಬಗ್ಗೆ ಎರಡೇ ಪ್ರಶ್ನೆ ಕೇಳಿದರು. ಎಷ್ಟು ಹೊತ್ತಿಗೆ ಮೈದಾನಕ್ಕೆ ಬರ್ತಾರೆ? ಸೋತ ದಿನ ಒಟ್ಟಿಗೇ ಮನೆಗೆ ಹೋಗ್ತಾರೋ, ಬೇರೆ ಬೇರೆಯೋ? ಎರಡನೆಯದಕ್ಕೆ ನಾವಿಬ್ಬರೂ ಜಮಖಾನೆಯ ಅಂಚು ನೋಡಿದೆವು.

ಕಾಕಾ ಗಂಟಲು ಸರಿ ಮಾಡಿಕೊಂಡರು. ಕೊಟ್ಟು ತಂದ ಮನೆಗಳ ವಿಚಾರ ತೆಗೆಯುವ ಮೊದಲು ಅವರು ಯಾವಾಗಲೂ ಹಾಗೆ ಮಾಡುತ್ತಾರೆ. ಅಷ್ಟರಲ್ಲಿ ಆ ತಾಯಿ ತಟ್ಟೆ ಹಿಡಿದು ಬಂದರು. ತಟ್ಟೆಯಲ್ಲಿ ಸಕ್ಕರೆ. ನಮ್ಮ ಕಡೆ ಸಂಬಂಧ ಗಟ್ಟಿಯಾದಾಗ ಎರಡೂ ಕಡೆಯವರ ಕೈಗೆ ಸಕ್ಕರೆ ಹಾಕುತ್ತಾರೆ. ಅದನ್ನು ಬಾಯಿಗೆ ಹಾಕಿಕೊಂಡರೆ ಮಾತು ಮುಗಿಯಿತು, ಆಮೇಲೆ ಹಿಂದೆ ಸರಿಯುವ ಹಾಗಿಲ್ಲ. ಹಳೆಯ ಮ್ಯಾನೇಜರ್ ಫೋನಿನಲ್ಲೇ ಎಲ್ಲ ಮುಗಿಸಿದ್ದಾರೆ ಎಂದು ಆ ತಾಯಿ ತಿಳಿದಿದ್ದರು. ನಾವೋ, ಇಂಥ ಎಷ್ಟೋ ಜಮಖಾನೆಗಳ ಮೇಲೆ ಕುಳಿತು ಎದ್ದವರು. ತಟ್ಟೆ ಮುಂದೆ ಬಂದಾಗ ಕೈ ತಾನಾಗಿ ಮುಂದೆ ಹೋಯಿತು. ನಾನು ತಿಂದೆ, ಗೆಳೆಯ ತಿಂದ. ಜೀವನವೆಲ್ಲ ಇದೇ ಕೆಲಸ ಮಾಡಿದ ಕಾಕಾ ಕೂಡ ಕಣ್ಣಿಗೊತ್ತಿಕೊಂಡು ತಿಂದರು.

ನಾಲಿಗೆಯ ಮೇಲೆ ಸಕ್ಕರೆ ಕರಗುತ್ತಿದ್ದ ಹಾಗೆ ಆ ತಾಯಿ ಸೆರಗು ಸರಿಮಾಡಿಕೊಂಡು ಸಂತೋಷದಿಂದ ಹೇಳಿದರು: "ಭಾಳ ಚೊಲೊ ಆತ್ ನೋಡ್ರಿ. ನಮ್ಮ ದೊಡ್ಡಾಕಿನ್ನ ಗದಗಿಗೆ ಕೊಟ್ಟೇವಿ, ಸಣ್ಣಾಕಿನ್ನ ಬೆಟಗೇರಿಗೆ ಕೊಟ್ಟೇವಿ. ಇನ್ನ ಇವ ವಾರಾ ವಾರಾ ಹೋಗಿ ಇಬ್ಬರ ಮಾರಿನೂ ನೋಡ್ಕೊಂಡ ಬರ್ತಾನ."

ನಾನು ನುಂಗಲಿಲ್ಲ, ಉಗುಳಲಿಲ್ಲ. ಆ ಎರಡೂ ಮದುವೆಗಳ ಪತ್ರಿಕೆಗಳು ಶಿರಹಟ್ಟಿಯಲ್ಲೇ ಅಚ್ಚಾಗಿದ್ದವು, ನನಗೆ ಗೊತ್ತಾಗುವುದಾದರೂ ಹೇಗೆ? ಯಾವ ಊರಿಗೂ ಸಂಬಂಧವಿಲ್ಲದವನನ್ನು ಹುಡುಕುತ್ತ ಹೊರಟವರು ಎರಡೂ ಊರಿಗೆ ಬೀಗನಾದವನನ್ನು ಸಕ್ಕರೆ ತಿಂದು ಒಪ್ಪಿಕೊಂಡಿದ್ದೆವು. ಹೊರಗೆ ಬಂದು ಹಳೆಯ ಮ್ಯಾನೇಜರ್‌ಗೆ ಫೋನು ಹಚ್ಚಿ ಬಾಯಿಗೆ ಬಂದ ಹಾಗೆ ಬೈದೆ. ಅವರು ಪೂರ್ತಿ ಕೇಳಿಸಿಕೊಂಡು, ಗೊತ್ತಿದ್ದೇ ಕಳಿಸಿದ್ದು ಎಂದು ನಕ್ಕರು. ಆ ನಗು ಕೇಳಿ ನನ್ನ ಮೈ ಇನ್ನಷ್ಟು ಉರಿಯಿತು.

ಲಕ್ಷ್ಮೇಶ್ವರದಲ್ಲಿ ಪಂದ್ಯ ಆಗಲೇ ನಿಗದಿಯಾಗಿತ್ತು, ತಂಡದ ಹೆಸರು ಕೊಟ್ಟಾಗಿತ್ತು. ಅದೊಂದು ಪಂದ್ಯ ಒಟ್ಟಿಗೆ ಆಡೋಣ, ಆಮೇಲೆ ನೋಡೋಣ ಎಂದು ಊರಿಗೆ ಮರಳುವಾಗ ಗಾಡಿಯಲ್ಲಿ ಗೆಳೆಯ ಕಾಕಾಗೆ ಹೇಳಿದ. ಆಗಲಿ ಎಂದು ನಾನೂ ಕಾಕಾಗೆ ಹೇಳಿದೆ. ಆಮೇಲೆ ನೋಡೋಣ ಅಂದರೆ ಏನು ಎಂಬುದು ಇಬ್ಬರಿಗೂ ತಿಳಿದಿತ್ತು.

ಮಾಸ್ತರರು ಶಾಲೆ ಮುಗಿಸಿ ಶಿರಹಟ್ಟಿಯ ಬಸ್ಸಿಗೆ ಬರತೊಡಗಿದರು. ಕೈಯಲ್ಲಿ ಎರಡು ಗಂಟು. ಒಂದು ಗದಗಿನ ತಂಗಿಗೆ, ಒಂದು ಬೆಟಗೇರಿಯ ತಂಗಿಗೆ. ಒಂದರಲ್ಲಿ ಶೇಂಗಾ ಹೋಳಿಗೆ ಇದ್ದರೆ ಇನ್ನೊಂದರಲ್ಲೂ ಇರುತ್ತಿತ್ತು. ಕೆಲವೊಮ್ಮೆ ತಾಯಿಯೇ ಜೊತೆಗೆ ಬಂದುಬಿಡುತ್ತಿದ್ದರು. ಹೆಣ್ಣುಮಕ್ಕಳಿಗೆ ಬಸ್ಸು ಫುಕಟ್ ಐತಿ, ಆಧಾರ್ ಕಾರ್ಡ್ ತೋರಿಸಿದರೆ ಆತು ಎಂದು ನಮಗೇ ತಿಳಿಸಿ ಹೇಳುತ್ತಿದ್ದರು. ಮಾಸ್ತರರ ತಂಗಿಯರ ಮಕ್ಕಳು ಅವರನ್ನು ಮಾಮಾ ಎನ್ನುತ್ತಿದ್ದರು. ಅದನ್ನು ಕೇಳಿ ಗದಗಿನ ಆ ಓಣಿಯ ಹುಡುಗರೂ ಮಾಮಾ ಎಂದರು, ಬೆಟಗೇರಿಯ ಈ ಓಣಿಯವರೂ ಎಂದರು. ಹತ್ತು ಹದಿನೈದು ದಿನಗಳಲ್ಲಿ ಇಡೀ ತಂಡಕ್ಕೆ ಅವರು ಮಾಮಾ ಆಗಿ ಕುಳಿತರು. ಮ್ಯಾನೇಜರನ ಮುಂದೆ ವಾದ ಹೂಡಬಹುದು, ಸೋದರಮಾವನ ಮುಂದೆ ಯಾವ ಹುಡುಗ ಏನು ವಾದ ಹೂಡ್ತಾನೆ ಹೇಳಿ. ಅವರು ಕಿವಿ ಹಿಂಡಿದರೂ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ನನ್ನ ಸಿಟ್ಟು ನನಗೆ ಗೊತ್ತಿಲ್ಲದ ಹಾಗೆ ಇಳಿಯಿತು. ಆದರೆ ಹನ್ನೊಂದು ಜನರನ್ನು ಆರಿಸುವ ದಿನ ಇನ್ನೂ ಬಂದಿರಲಿಲ್ಲ.

ಆ ದಿನ ಬಂತು. ಲಕ್ಷ್ಮೇಶ್ವರದ ಮೈದಾನದ ಅಂಚಿನಲ್ಲಿ ಬೇವಿನ ಮರದ ಕೆಳಗೆ ಹುಡುಗರು ಬೂಟು ಕಟ್ಟಿಕೊಂಡು ಕುಳಿತಿದ್ದರು. ನಾನು ಮರದ ಕಟ್ಟೆಯ ಈ ತುದಿಯಲ್ಲಿ ಕುಳಿತಿದ್ದೆ, ಗೆಳೆಯ ದೂರ ಆ ಕಡೆ ಗಾಡಿಗೆ ಒರಗಿ ನಿಂತಿದ್ದ. ಮಾಸ್ತರರು ಒಬ್ಬೊಬ್ಬರಿಗೇ ಅಂಗಿ ಕೊಡುತ್ತ ಬಂದರು. ಹತ್ತು ಅಂಗಿ ಹೋದವು. ಹನ್ನೊಂದನೆಯದು ಮುಂದೆ ಓಡುವ ಆಟಗಾರನದು. ಇಷ್ಟು ದಿನ ಅದು ನನ್ನ ಗೆಳೆಯನ ಮಗನದು. ಅವನೂ ಕೈ ಚಾಚಿದ್ದ. ಮಾಸ್ತರರು ಅದನ್ನು ಬೆಟಗೇರಿಯ ಒಬ್ಬ ಹುಡುಗನ ಹೆಗಲ ಮೇಲೆ ಹಾಕಿದರು.

ಗದಗಿನ ಹುಡುಗರು ಬೂಟಿನ ದಾರ ಬಿಟ್ಟು ತಲೆ ಎತ್ತಿದರು. ಮುಗಿಯಿತು ಎಂದುಕೊಂಡೆ. ನನ್ನ ಊರಿನ ಹುಡುಗನಿಗೆ ಅಂಗಿ ಸಿಕ್ಕಿತೆಂದು ಸಂತೋಷವಾಗಬೇಕಿತ್ತು, ಆಗಲಿಲ್ಲ. ಆ ಅಂಗಿ ಕಿತ್ತುಕೊಂಡು ಗೆಳೆಯನ ಮಗನಿಗೆ ನಾನೇ ತೊಡಿಸಿಬಿಡಲೇ ಅನ್ನಿಸಿತು.

"ಎಲ್ಲಾರೂ ಜಲ್ದಿ ಬಂದು ಓಡ್ಯಾರ, ನೀ ಮೂರು ಸಲ ತಡಾ ಮಾಡಿ ಬಂದಿ. ಇವತ್ತ ಕುಂಡ್ರು," ಎಂದರು ಮಾಸ್ತರರು. ದನಿ ಎತ್ತರಿಸಲಿಲ್ಲ.

ಹುಡುಗ ಅಪ್ಪನ ಕಡೆ ತಿರುಗಿದ. ಎಲ್ಲರೂ ತಿರುಗಿದರು. ಗೆಳೆಯನ ಕಿವಿ ಕೆಂಪಾಗಿದ್ದವು. ಅವನ ಸಿಟ್ಟು ನನಗೆ ಚೆನ್ನಾಗಿ ಗೊತ್ತು, ಕಿವಿಯಿಂದಲೇ ಶುರುವಾಗುತ್ತದೆ. ಅವನು ಗಾಡಿ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದ.

"ನನ್ನ ಮಾರಿ ಏನ್ ನೋಡ್ತಿ?" ಎಂದ ಮಗನಿಗೆ. "ಮಾಮಾ ಹೇಳ್ಯಾರಲ್ಲ. ಕುಂಡ್ರು."

ಅಷ್ಟು ಹೇಳಿ ಸೀದಾ ನಾನು ಕುಳಿತಲ್ಲಿಗೆ ಬಂದ. ಎಷ್ಟೋ ವಾರಗಳ ಮೇಲೆ ಕಾಕಾನ ಸಹಾಯವಿಲ್ಲದೆ ನನ್ನ ಮುಖ ನೋಡಿ ಮಾತಾಡಿದ: "ಸರ್ಕೊಳ್ಳಲೇ, ನಾನೂ ಕುಂಡ್ರತೀನಿ."

ನಾನು ಸರಿದೆ. ಕಣ್ಣಲ್ಲಿ ಕಸ ಬಿತ್ತೆಂದು ಸುಳ್ಳು ಹೇಳಿ ಅಂಗಿಯ ತೋಳಿನಿಂದ ಒರೆಸಿಕೊಂಡೆ. ಅವನು ನನ್ನ ತೊಡೆಯ ಮೇಲೆ ಒಂದು ಏಟು ಹಾಕಿದ, ಬಲವಾಗಿಯೇ ಹಾಕಿದ.

ಆಟ ಶುರುವಾಯಿತು. ಮಾಸ್ತರರು ಗೆಳೆಯನ ಮಗನನ್ನು ಪಕ್ಕದಲ್ಲೇ ಕೂರಿಸಿಕೊಂಡು ಅಲ್ಲಿ ನೋಡು, ಇಲ್ಲಿ ನೋಡು ಎಂದು ಆಟ ತೋರಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಆ ಹುಡುಗನೇ ಎದ್ದು ನಿಂತು, ತನ್ನ ಅಂಗಿ ತೊಟ್ಟವನಿಗೆ ಎಡಕ್ಕೆ ಹೋಗಲೇ, ಎಡಕ್ಕೆ ಎಂದು ಕೂಗತೊಡಗಿದ. ಬೆಟಗೇರಿಯ ಹುಡುಗ ಎಡಕ್ಕೆ ಹೋದ, ಗೋಲೂ ಹೊಡೆದ. ನನ್ನ ಗೆಳೆಯ ಎರಡು ಬೆರಳು ಬಾಯಿಗಿಟ್ಟು ಹಾಕಿದ ಸಿಳ್ಳಿಗೆ ನನ್ನ ಬಲಗಿವಿ ಸಂಜೆಯವರೆಗೂ ಗುಂಯ್‌ಗುಡುತ್ತಿತ್ತು.

ನಮ್ಮ ಪಕ್ಕದಲ್ಲಿ ಲಕ್ಷ್ಮೇಶ್ವರದ ಹಿರಿಯರೊಬ್ಬರು ನಿಂತಿದ್ದರು. ಹುಡುಗರು ಚೊಲೊ ಆಡ್ತಾರ, ಯಾವ ಊರಿನ ತಂಡ ಎಂದು ಕೇಳಿದರು. ನಾವಿಬ್ಬರೂ ಒಂದೇ ಸಲಕ್ಕೆ ಬಾಯಿ ತೆರೆದೆವು.

ಅವನು "ಬೆಟಗೇರಿ" ಎಂದ. ನಾನು "ಗದಗ" ಎಂದೆ.