ವಿಭೂತಿಯ ನಡುವೆ ಮೂಡಿದ ಕೆಂಪು ಗೆರೆ

ಕೋವಿಡ್ ಕಳೆದ ಮರುವರ್ಷ ನಾನು ಹುಣಸೂರಿನಲ್ಲಿ ಒಂದು ಹಳೆಯ ಟ್ರೇಲರ್ ಲಾರಿಯ ಮಾಲೀಕಳಾದೆ. ಕ್ಲೀನರ್ ಕೂಡ ನಾನೇ. ಕಾನ್ವೆಂಟಿನ ಸಿಸ್ಟರುಗಳು ಕಸೂತಿ ಕಲಿಸಿದ್ದ ಕೈಗೆ ಗ್ರೀಸ್ ಗನ್ ಬಂದಿತ್ತು. ನಮ್ಮವರು, ಮಹದೇವ, ಬೇರೆಯವರ ಗಾಡಿ ಓಡಿಸಿ ಬೇಸತ್ತಿದ್ದರು. ನನ್ನ ಒಡವೆ ಮಾರಿ ಕೊಂಡದ್ದರಿಂದ ಆರ್.ಸಿ. ನನ್ನ ಹೆಸರಿಗಾಯಿತು.

ಮಾರಿದವರು ಚಾಸಿಗೆ, ಅಂದರೆ ಲಾರಿಯ ಇಡೀ ಭಾರ ಹೊರುವ ಉದ್ದನೆಯ ಉಕ್ಕಿನ ತೊಲೆಗಳಿಗೆ, ಹೊಸ ಕಪ್ಪು ಬಣ್ಣ ಬಳಿಸಿಕೊಟ್ಟಿದ್ದರು. ಅದು ಹೊಳೆಯುವುದನ್ನು ಕಂಡು ನಮಗೆ ಸಂತೋಷವೇ ಆಗಿತ್ತು.

ಮಳೆಗಾಲವಿಡೀ ಕೇರಳದ ಘಾಟಿಯಲ್ಲಿ ಭಾರಿ ವಾಹನ ಬಿಡಲಿಲ್ಲ. ನಿಂತ ಲಾರಿಯ ಚಕ್ರದ ಮರೆಯಲ್ಲಿ ಪಕ್ಕದ ಮನೆಯ ಕೋಳಿ ಮೊಟ್ಟೆ ಇಟ್ಟಿತು. ಆಯುಧಪೂಜೆಯ ಹೊತ್ತಿಗೆ ದಾರಿ ತೆರೆಯಿತು. ಪಿರಿಯಾಪಟ್ಟಣದ ಗುತ್ತಿಗೆದಾರ ಪುಟ್ಟರಾಜು ನೀಲಗಿರಿ ದಿಮ್ಮಿಗಳನ್ನು ಘಾಟಿಯ ಕೆಳಗಿನ ಪ್ಲೈವುಡ್ ಕಾರ್ಖಾನೆಗೆ ಸಾಗಿಸಲು ಕರೆದರು.

"ಅಬ್ಬದ ಮಾರ್ನೆ ಬೆಳಿಗ್ಗೇನೆ ಲೋಡು. ಮೊದಲ್ನೇ ಟ್ರಿಪ್ಪು ತಪ್ಪುದ್ರೆ ಸೀಸನ್ನೇ ಬೇರೆಯೋರ್ಗೆ ಕಣಪ್ಪ."

ಪೂಜೆಯ ದಿನ ಲಾರಿ ತೊಳೆದು, ಚಾಸಿಯ ಉದ್ದಕ್ಕೂ ಒದ್ದೆ ವಿಭೂತಿಯ ಪಟ್ಟೆ ಎಳೆದೆ. ಹೂವು ತಂದು ನೋಡಿದರೆ, ಟ್ರೇಲರ್ ಬಂದು ಕೂರುವ ಜಾಗದ ಹತ್ತಿರ, ಒಣಗಿದ ಬಿಳುಪಿನ ನಡುವೆ ಕೂದಲೆಳೆಯಂಥ ಕೆಂಪು ಗೆರೆ. ಕುಂಕುಮ ಉದುರಿದೆ ಅಂದುಕೊಂಡು ಒರೆಸಿ ಮತ್ತೆ ಹಚ್ಚಿದೆ. ಗೆರೆ ಅದೇ ಜಾಗದಲ್ಲಿ ಮತ್ತೆ ಬಂತು. ಬೆರಳಿಗೆ ತುಕ್ಕಿನ ವಾಸನೆ.

"ರೀ, ಇಲ್ಲಿ ನೋಡಿ."

"ಬಣ್ಣ ಬಿರುಕು ಬುಟ್ಟದೆ ಕಣೆ. ಅಬ್ಬದ ದಿನ ಅಪಸಕುನ ಆಡ್ಬ್ಯಾಡ."

ಆದರೂ ಸ್ಕ್ರೂಡ್ರೈವರ್ ತಂದು ಕೆರೆದರು. ಬಣ್ಣದ ಕೆಳಗೆ ಬಿರುಕು ಮುಚ್ಚಲು ಮೆತ್ತಿದ ಪುಟ್ಟಿ, ಪುಟ್ಟಿಯ ಕೆಳಗೆ ಹಳೆಯ ವೆಲ್ಡಿಂಗ್, ಅದರುದ್ದಕ್ಕೂ ಬಿರುಕು. ತೊಳೆದ ನೀರು ಒಳಗಿಳಿದು, ತುಕ್ಕು ಹೊತ್ತು ವಿಭೂತಿಗೆ ಜಿನುಗಿತ್ತು. ನಮ್ಮವರು ಕೆಸರಿನಲ್ಲೇ ಕುಳಿತುಬಿಟ್ಟರು.

ವೆಲ್ಡರ್ ಹುಡುಕಿಕೊಂಡು ಸ್ಕೂಟರಿನಲ್ಲಿ ಬಿಳಿಕೆರೆಯವರೆಗೂ ಹೋದೆವು. ಎಲ್ಲ ಗ್ಯಾರೇಜಿನ ಮುಂದೆಯೂ ಒಡೆದ ಬೂದುಗುಂಬಳ. ಒಳಗೆ ಸುತ್ತಿಗೆ, ಸ್ಪ್ಯಾನರುಗಳೆಲ್ಲ ಪೂಜೆಗೆ ಕುಳಿತಿದ್ದವು. ಪರಿಚಯದ ವೆಲ್ಡರ್ ಕೆಂಚಣ್ಣ ಬಾಯ್ತುಂಬ ಕಡ್ಲೆಪುರಿ ಇಟ್ಟುಕೊಂಡೇ ಕೈಮುಗಿದ.

"ಮಿಸನ್ಗೆ ಈಗ್ತಾನೆ ಕುಂಕ್ಮ ಇಟ್ಟಿವ್ನಿ ಕಣಕ್ಕ. ವರ್ಸುಕ್ಕೊಂದಿನ ಅದುಕ್ಕೂ ರಜ ಬ್ಯಾಡ್ವಾ? ದಸಮಿ ಕಳೀಲಿ, ಪ್ಲೇಟ್ ಕೊಟ್ಟು ಬೆಸೀತೀನಿ."

"ಅಷ್ಟೊತ್ಗೆ ನನ್ ಬಾಳ್ಗೇ ರಜ ಕಣ್ಲಾ," ಎಂದರು ನಮ್ಮವರು.

ಕೆಂಚಣ್ಣ ಪುರಿಯ ತಟ್ಟೆ ಮುಂದೆ ಸರಿಸಿದ. ನಾವು ಮುಟ್ಟಲಿಲ್ಲ.

ಪುಟ್ಟರಾಜುಗೆ ಫೋನ್ ಮಾಡಿ ಒಂದು ದಿನದ ವಾಯಿದೆ ಬೇಡಿದೆ. "ಕಾರ್ಖಾನೆಯೋರು ನನ್ ಮಾತ್ ಕೇಳ್ತಾರಾ ತಾಯಿ? ಬೇರೆ ಗಾಡಿ ನೋಡ್ಕತೀನಿ ಬುಡಿ."

ಸಂಜೆ ನಮ್ಮವರು ಎದ್ದು ನಿಂತರು. "ಈಗ್ಲೇ ಒಂಟೋಯ್ತೀನಿ, ಬೆಳಿಗ್ಗೆ ಲೋಡ್ಗೆ ನಾನೇ ಮುಂದಿರ್ತೀನಿ. ನಿಧಾನಕ್ಕೆ ಇಳುಸ್ತೀನಿ. ಇಷ್ಟ್ ದಿನ ತಡದದೆ, ಇನ್ನೊಂದ್ಸಲ ತಡಿಯಕಿಲ್ವಾ?"

ಕೀಲಿ ಪೂಜೆಯ ತಟ್ಟೆಯಲ್ಲಿತ್ತು. ಅವರು ಕೈ ಚಾಚುವ ಮೊದಲೇ ನಾನದನ್ನು ಮುಷ್ಟಿಯಲ್ಲಿ ಹಿಡಿದೆ.

"ಆರ್.ಸಿ. ನನ್ನ ಹೆಸರಲ್ಲಿದೆ. ಕೊಡಲ್ಲ."

"ನಿನ್ ಇಂಗ್ಲೀಸ್ ಇಸ್ಕೂಲು ಇದುನ್ನೇ ಕಲ್ಸಿದ್ದಾ? ಉಪಾಸ ಬೀಳದಾ?"

"ಹೌದು ರೀ. ಉಪವಾಸವೇ ಇರೋಣ."

ಅವರು ಗೋಡೆಯ ಕಡೆ ತಿರುಗಿ ಮಲಗಿದರು. ನನ್ನ ಅಂಗೈಯಲ್ಲಿ ಕೀಲಿಯ ಹಲ್ಲಿನ ಗುರುತು ಬಹಳ ಹೊತ್ತು ಉಳಿದಿತ್ತು.

ದಶಮಿ ಕಳೆದ ಮೇಲೆ ಕೆಂಚಣ್ಣ ಪುಟ್ಟಿಯನ್ನೆಲ್ಲ ಉಜ್ಜಿ ತೆಗೆದು, ತೊಲೆಯ ಆ ಬದಿಯಿಂದ ಟಾರ್ಚ್ ಹಿಡಿದ. ಬೆಳಕು ಬಿರುಕಿನೊಳಗಿಂದ ಈ ಬದಿಗೆ ಬಂತು. ನಮ್ಮವರು ಬಗ್ಗಿ ನೋಡಿದರು.

ಆ ಸೀಸನ್ನಿನ ದಿಮ್ಮಿಗಳೆಲ್ಲ ಬೇರೆಯವರ ಲಾರಿಯಲ್ಲೇ ಘಾಟಿ ಇಳಿದವು. ನಾವು ಹತ್ತಿರದ ಹ್ಯಾಂಡ್‌ಪೋಸ್ಟ್ ಊರಿಗೆ ಕಬ್ಬಿಣದ ಕಂಬಿ, ಕೆ.ಆರ್. ನಗರಕ್ಕೆ ಸಿಮೆಂಟು ಹೊತ್ತು ದಿನ ತಳ್ಳಿದೆವು. ಪುಟ್ಟರಾಜು ಮತ್ತೆ ಕರೆಯಲಿಲ್ಲ.

ಈಗ ಯಾರಾದರೂ ಹಳೆಯ ಲಾರಿ ಕೊಳ್ಳುವ ಮುಂಚೆ ನಮ್ಮವರನ್ನು ಕರೆದರೆ, ಅವರು ನನ್ನನ್ನೂ ಸ್ಕೂಟರಿಗೆ ಹತ್ತಿಸಿಕೊಳ್ಳುತ್ತಾರೆ. ಎಲ್ಲಿ ಬಣ್ಣ ಹೆಚ್ಚು ಹೊಳೆಯುತ್ತದೋ ಅಲ್ಲಿಂದಲೇ ತೊಳೆಯಲು ಶುರುಮಾಡಿ, ಒದ್ದೆ ವಿಭೂತಿ ಎಳೆಯುತ್ತೇನೆ. ಹಳೆಯ ಗಾಡಿ ನನಗೆ ಕಲಿಸಿದ್ದು ಅಷ್ಟೇ. "ಕೊಳ್ಳಕ್ಕೂ ಮುಂಚೇನೆ ಪೂಜೆನಾ ಅಕ್ಕ?" ಎಂದು ಮಾರುವವರು ನಗುತ್ತಾರೆ. ನಮ್ಮವರು ನಗದೆ ಇನ್ನೊಂದು ಬಕೆಟ್ ನೀರು ತಂದಿಡುತ್ತಾರೆ. ವಿಭೂತಿ ಒಣಗುವವರೆಗೆ ಬೆಲೆಯ ಮಾತೆತ್ತಲು ಯಾರನ್ನೂ ಬಿಡುವುದಿಲ್ಲ.